ಎರಡು ದಿನದ ಬಿಡುವಿನಲ್ಲಿ ಮಂಡ್ಯ–ಮೈಸೂರಿನ ಹೊಲದ ಊಟ: ಹೋಟೆಲಿಗಿಂತ ಮೊದಲು ಸಾರನ್ನು ಆರಿಸಿಕೊಳ್ಳಿ

ಮಂಡ್ಯ, ಮೈಸೂರು ಸೀಮೆಯ ರೈತಾಪಿ ಊಟವನ್ನು ಸವಿಯಬೇಕೆಂದು ಶನಿವಾರ, ಭಾನುವಾರ ಬಿಡುವು ಮಾಡಿಕೊಂಡು ಹೊರಡುವವರು ಸಾಮಾನ್ಯವಾಗಿ ಮೊದಲು ಹೋಟೆಲುಗಳ ಪಟ್ಟಿ ಬರೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಎಂಟು ಹತ್ತು ಹೆಸರುಗಳಿರುತ್ತವೆ, ಊಟದ ಹೊತ್ತು ಮಾತ್ರ ನಾಲ್ಕೋ ಐದೋ ಇರುತ್ತದೆ, ಕೊನೆಗೆ ಹೊಟ್ಟೆ ಭಾರವಾಗಿ ಎಲ್ಲ ಕಡೆಯೂ ಒಂದೇ ಬಗೆಯ ಮಸಾಲೆ ತಿಂದಂತಾಗಿ ಹಿಂದಿರುಗುತ್ತಾರೆ. ನನ್ನ ಸಲಹೆ ಬೇರೆ. ಈ ಸೀಮೆಯಲ್ಲಿ ರಾಗಿಮುದ್ದೆ ವರ್ಷವಿಡೀ ಇರುತ್ತದೆ, ಬದಲಾಗುವುದು ಅದರ ಪಕ್ಕದ ಸಾರು. ಆ ಸಾರನ್ನು ತೀರ್ಮಾನಿಸುವುದು ಅಡುಗೆಯವರ ಇಷ್ಟಕ್ಕಿಂತ ಹೆಚ್ಚಾಗಿ ಆ ತಿಂಗಳು ಹೊಲದಲ್ಲಿ ಏನು ಬಂದಿದೆ ಎಂಬುದು ಮತ್ತು ಅಂದು ಯಾವ ವಾರ ಎಂಬುದು. ಇವೆರಡನ್ನು ತಿಳಿದುಕೊಂಡು ಹೊರಟರೆ ಎರಡೇ ದಿನದಲ್ಲಿ ಈ ಊಟದ ತಿರುಳು ಸಿಗುತ್ತದೆ. ಹೋಟೆಲನ್ನು ಅಲ್ಲಿಗೆ ಹೋದ ಮೇಲೂ ಹುಡುಕಿಕೊಳ್ಳಬಹುದು.

ಮೊದಲು ವಾರದ ಮಾತು. ಮಂಡ್ಯ ಕಡೆಯ ಬಹಳಷ್ಟು ಮನೆಗಳಲ್ಲಿ ಸೋಮವಾರ ಮತ್ತು ಶನಿವಾರ ಬಾಡು, ಅಂದರೆ ಮಾಂಸ, ಬೇಯಿಸುವುದಿಲ್ಲ. ಸೋಮವಾರ ಶಿವನ ವಾರ, ಶನಿವಾರ ವೆಂಕಟರಮಣನ ಮತ್ತು ಆಂಜನೇಯನ ವಾರ. ಆದ್ದರಿಂದ ಶನಿವಾರದ ಮಧ್ಯಾಹ್ನ ಸೊಪ್ಪು ಕಾಳಿನ ಸಾರಿಗೂ ಭಾನುವಾರದ ಮಧ್ಯಾಹ್ನ ಬಾಡೂಟಕ್ಕೂ ತಾನಾಗಿಯೇ ಹೊಂದಿಕೊಳ್ಳುತ್ತದೆ, ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಶನಿವಾರ ಬೇಯುವ ಬಸ್ಸಾರಿಗೆ ಮನೆಯವರ ಪೂರ್ತಿ ಗಮನ ಸಿಗುತ್ತದೆ, ಭಾನುವಾರ ಬೆಳಗ್ಗೆ ಕೊಯ್ದ ಮಾಂಸ ಮಧ್ಯಾಹ್ನಕ್ಕೆ ಸಾರಾಗಿರುತ್ತದೆ. ಮಾಂಸ ತಿನ್ನದವರು ಎರಡೂ ದಿನ ಸೊಪ್ಪು ಕಾಳಿನಲ್ಲಿಯೇ ಸೊಗಸಾಗಿ ಉಣ್ಣಬಹುದು. ಈ ಸೀಮೆಯ ದಿನನಿತ್ಯದ ಊಟ ಅದೇ, ಬಾಡು ಹಿಂದಿನಿಂದಲೂ ಹಬ್ಬ ಮತ್ತು ನೆಂಟರ ಊಟ. ಶ್ರಾವಣ ಮಾಸದಲ್ಲಿ ಮತ್ತು ಕಾರ್ತಿಕದ ಸೋಮವಾರಗಳಲ್ಲಿ ಅನೇಕ ಮನೆಗಳಲ್ಲಿ ಬಾಡು ನಿಂತಿರುತ್ತದೆ. ಇದಕ್ಕೆ ವಿರುದ್ಧವಾಗಿ ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಹಿರಿಯರ ಹಬ್ಬ ಮತ್ತು ಯುಗಾದಿಯ ಮರುದಿನದ ಹೊಸತೊಡಕು ಎರಡೂ ಬಾಡೂಟದ ದಿನಗಳು. ಹೊಸತೊಡಕಿನ ದಿನ ಮಾಂಸದಂಗಡಿಗಳ ಮುಂದೆ ನಸುಕಿನಲ್ಲೇ ಸಾಲು ನಿಲ್ಲುತ್ತದೆ. ಅಂದು ಊಟವಿರುವುದು ಮನೆಗಳಲ್ಲಿ, ಹೊರಗಿನವರಿಗೆ ನೆಂಟರಿಲ್ಲದಿದ್ದರೆ ಆ ದಿನ ಬರುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ತಿಂಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಬನ್ನಿ. ರಾಗಿ ಕೊಯ್ಲು ಮುಗಿದು ಒಕ್ಕಣೆ ನಡೆದಿರುತ್ತದೆ, ಅವರೆಕಾಯಿಗೆ ಸೊನೆ ಬಂದು ಸಂತೆಗಳಲ್ಲಿ ಅದರ ವಾಸನೆ ಹರಡಿರುತ್ತದೆ. ಸೊನೆ ಇರುವ ಅವರೆಕಾಯಿಯನ್ನು ಕೈಯಲ್ಲಿ ಹಿಡಿದರೆ ಬೆರಳಿಗೆ ಅಂಟುತ್ತದೆ, ಆ ಅಂಟೇ ಸಾರಿನ ಘಮಕ್ಕೆ ಮೂಲ. ಈ ಎರಡು ತಿಂಗಳಲ್ಲಿ ಅವರೆಕಾಳಿನ ಸಾರು, ಹಿತಕಿದ ಬೇಳೆಯ ಸಾರು, ಬದನೆಕಾಯಿ ಅವರೆಕಾಳಿನ ಗೊಜ್ಜು, ಅವರೆಕಾಳು ಹಾಕಿದ ಉಪ್ಪಿಟ್ಟು ಮತ್ತು ಅಕ್ಕಿರೊಟ್ಟಿ ಎಲ್ಲವೂ ಸಿಗುತ್ತವೆ. ಹಿತಕಿದ ಬೇಳೆ ಎಂದರೆ ಕಾಳನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಒಂದೊಂದನ್ನೇ ಬೆರಳಿನಲ್ಲಿ ಹಿಸುಕಿ ಸಿಪ್ಪೆ ತೆಗೆದದ್ದು. ಮನೆಯ ಹೆಂಗಸರು ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸವದು, ಬಡಿಸಿದವರಿಗೆ ಆ ಶ್ರಮ ಗೊತ್ತಾಯಿತೆಂದು ತಿಳಿಸುವ ಒಂದು ಮಾತನ್ನು ಆಡಿ. ಮಳೆಗಾಲದಲ್ಲಿ ಬಂದರೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳ ಕಾಲ. ಅಣ್ಣೆ, ಗಣಿಕೆ, ಹೊನಗೊನೆ, ಕಿರಕೀರೆ ಮುಂತಾದವನ್ನೆಲ್ಲ ಕಲಸಿ ಕಿತ್ತು ತಂದ ಬೆರಕೆ ಸೊಪ್ಪಿನ ರುಚಿ ಯಾವ ಒಂದೇ ಸೊಪ್ಪಿನ ಸಾರಿಗೂ ಬರುವುದಿಲ್ಲ. ಬೇಸಿಗೆಯಲ್ಲಿ ಒಣಕಾಳುಗಳು, ಮೊಳಕೆ ಕಟ್ಟಿದ ಹುರುಳಿ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಇರುತ್ತವೆ.

ಊಟದ ಹಿಂದಿನ ನೆಲವನ್ನು ಸ್ವಲ್ಪ ತಿಳಿದಿದ್ದರೆ ಎಲ್ಲಿ ಏನು ಕೇಳಬೇಕೆಂಬುದು ಸುಲಭವಾಗುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ, ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಮಂಡ್ಯದ ಕಡೆಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಅದುವರೆಗೂ ರಾಗಿ, ಹುರುಳಿ ಬೆಳೆಯುತ್ತಿದ್ದ ಬೆದ್ದಲುಗಳಲ್ಲಿ ಎಷ್ಟೋ ಭಾಗ ಗದ್ದೆಯಾಗಿ, ಕಬ್ಬಿನ ತೋಟವಾಗಿ ಬದಲಾಯಿತು. ಮಂಡ್ಯವು ಮೈಸೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾದದ್ದು 1939ರಲ್ಲಿ. ನೀರು ಬಂದ ಮೇಲೂ ಜನ ಮುದ್ದೆಯನ್ನು ಬಿಡಲಿಲ್ಲ, ಭತ್ತ ಬೆಳೆಯುವ ಮನೆಯಲ್ಲೂ ಮಧ್ಯಾಹ್ನಕ್ಕೆ ಮುದ್ದೆ ಬೇಕೇ ಬೇಕು. ಮಂಡ್ಯದ ಪಕ್ಕದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ನಾಡಿನ ರಾಗಿಯ ಇಳುವರಿ ಹೆಚ್ಚಿಸಿದ ಅವರನ್ನು ಇಂದಿಗೂ ರೈತರು ಗೌರವದಿಂದ ನೆನೆಯುತ್ತಾರೆ. ಪ್ರವಾಸಿಗರಿಗೆ ಇದರಿಂದ ಆಗುವ ಉಪಯೋಗ ಇಷ್ಟು: ನಾಲೆಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಸುತ್ತ ಅಕ್ಕಿರೊಟ್ಟಿ, ಒತ್ತು ಶಾವಿಗೆ, ಹೊಳೆ ಮೀನಿನ ಸಾರು, ಬೆಲ್ಲ ಚೆನ್ನಾಗಿರುತ್ತವೆ, ಮಳೆಯನ್ನೇ ನಂಬಿದ ನಾಗಮಂಗಲದ ಕಡೆ ರಾಗಿ, ಹುರುಳಿ, ಅವರೆ ಚೆನ್ನಾಗಿರುತ್ತವೆ.

ದಾರಿ

ಬೆಂಗಳೂರಿನಿಂದ ಬರುವವರು 2023ರಲ್ಲಿ ತೆರೆದ ಹೊಸ ಹೆದ್ದಾರಿಯಲ್ಲಿ ನೇರವಾಗಿ ಬಂದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರೊಳಗೂ ಕಾಲಿಡುವುದಿಲ್ಲ, ಏಕೆಂದರೆ ಆ ರಸ್ತೆ ಮದ್ದೂರನ್ನು ಮೇಲ್ಸೇತುವೆಯಲ್ಲಿ ದಾಟಿ, ಉಳಿದವನ್ನು ಬಳಸಿಕೊಂಡು ಹೋಗುತ್ತದೆ. ಊಟಕ್ಕಾಗಿಯೇ ಹೊರಟವರು ಮದ್ದೂರಿಗೆ ಮೊದಲೇ ಹೆದ್ದಾರಿಯಿಂದ ಇಳಿದು ಹಳೆಯ ರಸ್ತೆಯನ್ನು ಹಿಡಿಯಬೇಕು. ಬೈಕು ಮತ್ತು ಆಟೋಗಳಿಗೆ ಹೊಸ ರಸ್ತೆಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಾದ್ದರಿಂದ ಬೈಕಿನಲ್ಲಿ ಬರುವವರಿಗೆ ಹಳೆಯ ದಾರಿಯೇ ಗತಿ, ಊಟದ ದೃಷ್ಟಿಯಿಂದ ಅದೇ ಒಳ್ಳೆಯ ದಾರಿಯೂ ಹೌದು. ಕಾರಿಲ್ಲದವರು ರೈಲಿನಲ್ಲಿ ಬರಬಹುದು. ಬೆಂಗಳೂರು–ಮೈಸೂರು ನಡುವಿನ ಹೆಚ್ಚಿನ ರೈಲುಗಳು ಮಂಡ್ಯದಲ್ಲಿ ನಿಲ್ಲುತ್ತವೆ, ಮಂಡ್ಯದಿಂದ ಹಳ್ಳಿಗಳ ಕಡೆಗೆ ಬಸ್ಸುಗಳು ಧಾರಾಳವಾಗಿವೆ.

ಮದ್ದೂರು ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ಅಲ್ಲಿಯ ವಡೆ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ತಟ್ಟಿ ಕರಿದದ್ದು, ರೈಲು ಪ್ರಯಾಣಿಕರಿಂದ ಹೆಸರಾದದ್ದು, ಹೊಲದ ಊಟವಲ್ಲ. ಒಂದನ್ನು ತಿಂದು ಕಾಫಿ ಕುಡಿದು ಮುಂದೆ ಹೊರಡಿ. ಎರಡನೆಯದನ್ನು ತಿಂದರೆ ಮಧ್ಯಾಹ್ನದ ಮುದ್ದೆಗೆ ಜಾಗವಿರುವುದಿಲ್ಲ.

ಮುದ್ದೆ

ಮುದ್ದೆ ಹೊಸದಾಗಿ ಉಣ್ಣುವವರಿಗೆ ಇರುವ ಅಂಜಿಕೆ ನಿಜವಾದದ್ದು, ಅದನ್ನು ಹಗುರವಾಗಿ ನೋಡಬಾರದು. ಕ್ರಮ ತಿಳಿದರೆ ಅಂಜಿಕೆ ಹೋಗುತ್ತದೆ. ಬಲಗೈ ಬೆರಳುಗಳನ್ನು ಮೊದಲು ಸಾರಿನಲ್ಲಿ ಒದ್ದೆ ಮಾಡಿಕೊಳ್ಳಿ. ಮುದ್ದೆಯ ಅಂಚಿನಿಂದ ನೆಲ್ಲಿಕಾಯಿ ಗಾತ್ರದ ತುತ್ತನ್ನು ಮುರಿದು, ಬೆರಳ ತುದಿಯಲ್ಲಿ ಸ್ವಲ್ಪ ಉರುಟು ಮಾಡಿ, ಸಾರಿನಲ್ಲಿ ಚೆನ್ನಾಗಿ ಅದ್ದಿ, ಬಾಯಲ್ಲಿಟ್ಟು ನುಂಗಿ. ಅಗಿಯಬಾರದು, ಅಗಿದರೆ ಹಲ್ಲಿಗೆ ಅಂಟಿಕೊಂಡು ರಾಗಿಯ ಹಿಟ್ಟೇ ಬಾಯಿತುಂಬ ಉಳಿಯುತ್ತದೆ, ಸಾರಿನ ರುಚಿ ಹಿಂದೆ ಬೀಳುತ್ತದೆ. ಅಗಿಯುವ ಕೆಲಸವನ್ನು ಪಕ್ಕದ ಪಲ್ಯಕ್ಕೋ ಕಾಳಿಗೋ ಮಾಂಸದ ತುಂಡಿಗೋ ಬಿಡಿ. ಮಕ್ಕಳಿಗೆ ಮೊದಲ ಸಲ ಇನ್ನೂ ಚಿಕ್ಕ ತುತ್ತು ಮಾಡಿ, ತುಪ್ಪ ಸವರಿ ಕೊಟ್ಟರೆ ಸಲೀಸಾಗಿ ಒಳಗಿಳಿಯುತ್ತದೆ. ಬಿಸಿ ಆರುವ ಮುನ್ನ ಉಣ್ಣುವುದು ಮುಖ್ಯ, ಆರಿದ ಮುದ್ದೆ ಬಿಗಿಯಾಗುತ್ತದೆ.

ಒಳ್ಳೆಯ ಮುದ್ದೆಯನ್ನು ಗುರುತಿಸುವುದನ್ನೂ ಕಲಿಯಬೇಕು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಅದು ಬೆಂದ ಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಮತ್ತೆ ಹಬೆಯಲ್ಲಿ ಬೇಯಲು ಬಿಟ್ಟು, ನೀರು ಮುಟ್ಟಿಸಿದ ಕೈಯಲ್ಲಿ ಹಲಗೆಯ ಮೇಲೆ ಉರುಳಿಸಿ ಕಟ್ಟಿದ ಮುದ್ದೆಯ ಮೈ ನುಣುಪಾಗಿ ಹೊಳೆಯುತ್ತದೆ, ಮುರಿದಾಗ ಒಳಗಿನಿಂದ ಹಬೆ ಏಳುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ. ಹಸಿಹಿಟ್ಟಿನ ವಾಸನೆ ಬಂದರೆ ಅಥವಾ ಒಳಗೆ ಬಿಳಿಚಿದ ಗಂಟು ಕಂಡರೆ ತಿರುವಿದವರು ಅವಸರ ಮಾಡಿದ್ದಾರೆಂದು ಅರ್ಥ. ಕೆಲವು ಮನೆಗಳಲ್ಲಿ ಎಸರಿಗೆ ಒಂದು ಹಿಡಿ ಅಕ್ಕಿ ನುಚ್ಚು ಹಾಕುತ್ತಾರೆ, ಆ ಮುದ್ದೆ ಸ್ವಲ್ಪ ಮೃದುವಾಗಿದ್ದು ಹೊಸಬರಿಗೆ ಹಿಡಿಸುತ್ತದೆ. ಹೋಟೆಲಿನಲ್ಲಿ ಬೆಳಗ್ಗೆಯೇ ಕಟ್ಟಿ ಡಬ್ಬದಲ್ಲಿ ತುಂಬಿಟ್ಟ ಮುದ್ದೆ ಬಡಿಸುತ್ತಿದ್ದರೆ ಅಲ್ಲಿ ಅನ್ನ ಉಂಡು ಎದ್ದುಬಿಡಿ. ಒಳಹೋಗುವಾಗಲೇ ಮುದ್ದೆ ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ದೊಡ್ಡ ಊರುಗಳಲ್ಲಿ ಈಗ ನಿಂಬೆಹಣ್ಣಿನಷ್ಟು ಚಿಕ್ಕ ಮುದ್ದೆಗಳನ್ನು ಚಂದದ ಬಟ್ಟಲಿನಲ್ಲಿಟ್ಟು ಕೊಡುವ ರೂಢಿ ಬಂದಿದೆ. ಅವು ಬೇಗ ಆರುತ್ತವೆ, ಆ ಕಾರಣಕ್ಕೇ ಅವನ್ನು ನಾನು ಒಪ್ಪುವುದಿಲ್ಲ.

ಉಪ್ಸಾರು, ಬಸ್ಸಾರು, ಮಸ್ಸೊಪ್ಪು

ಶನಿವಾರದ ಮಧ್ಯಾಹ್ನವನ್ನು ಈ ಮೂರರಲ್ಲಿ ಒಂದಕ್ಕೆ ಮೀಸಲಿಡಿ. ಮೂರನ್ನೂ ಒಂದೇ ಊಟದಲ್ಲಿ ಸ್ವಲ್ಪ ಸ್ವಲ್ಪ ರುಚಿ ನೋಡುವ ಆಸೆ ಬೇಡ. ಇವು ಒಂದು ಮುದ್ದೆಗೆ ಒಂದು ಸಾರು ಎಂಬ ಲೆಕ್ಕದಲ್ಲಿ ಹುಟ್ಟಿದ ಅಡುಗೆಗಳು, ಬೆರೆಸಿದರೆ ಯಾವುದರ ಗುಣವೂ ನಾಲಿಗೆಗೆ ಸಿಗುವುದಿಲ್ಲ.

ಉಪ್ಸಾರಿನಲ್ಲಿ ಕಾಳು ಅಥವಾ ಬೇಳೆಯನ್ನು ಸೊಪ್ಪು, ಹುರುಳಿಕಾಯಿ ಮುಂತಾದವುಗಳೊಂದಿಗೆ ಉಪ್ಪು ಹಾಕಿ ಬೇಯಿಸಿ ನೀರನ್ನು ಬಸಿದುಕೊಳ್ಳುತ್ತಾರೆ. ಆ ತೆಳ್ಳನೆಯ ಕಟ್ಟೇ ಸಾರು, ಅದಕ್ಕೆ ಬೇರೆ ಮಸಾಲೆ ಇಲ್ಲ. ಎಲ್ಲ ಶಕ್ತಿ ಇರುವುದು ಪಕ್ಕದಲ್ಲಿಡುವ ಖಾರದಲ್ಲಿ. ಸುಟ್ಟ ಅಥವಾ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಇವನ್ನು ನುಣ್ಣಗೆ ಅರೆದ ಈ ಖಾರವನ್ನು ಉಣ್ಣುವವರು ತಮ್ಮ ತಮ್ಮ ತಟ್ಟೆಯಲ್ಲಿ ತಮಗೆ ಬೇಕಾದಷ್ಟು ಸಾರಿಗೆ ಕದಡಿಕೊಳ್ಳುತ್ತಾರೆ. ಹೊಸಬರು ಮಾಡಬೇಕಾದದ್ದೂ ಇದೇ. ಮೊದಲು ಕಡಲೆಕಾಳಿನಷ್ಟು ಖಾರ ಹಾಕಿಕೊಂಡು ಎರಡು ತುತ್ತು ಉಂಡು ನೋಡಿ, ಆಮೇಲೆ ಹೆಚ್ಚಿಸಿಕೊಳ್ಳಿ. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯವಾಗಿ ಬಡಿಸುತ್ತಾರೆ. ಖಾರ ತಿನ್ನುವ ಶಕ್ತಿ ಬೇರೆ ಬೇರೆಯಾದ ಹಿರಿಯರು, ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಸಾರನ್ನು ಉಣ್ಣಲು ಅನುಕೂಲವಾದ ಈ ಏರ್ಪಾಟು ನನಗೆ ಈ ಸೀಮೆಯ ಅಡುಗೆಯಲ್ಲೆಲ್ಲ ಅತ್ಯಂತ ವಿವೇಕದ್ದೆಂದು ತೋರುತ್ತದೆ. ಎರಡು ದಿನದಲ್ಲಿ ಒಂದೇ ಸೊಪ್ಪಿನ ಊಟ ಸಾಧ್ಯವೆಂದಾದರೆ ಉಪ್ಸಾರನ್ನೇ ಆರಿಸಿಕೊಳ್ಳಿ.

ಬಸ್ಸಾರಿನಲ್ಲಿಯೂ ಬೇಯಿಸಿ ಬಸಿಯುವುದು ಹೀಗೆಯೇ, ಆದರೆ ಬಸಿದ ಕಟ್ಟನ್ನು ಹಾಗೆಯೇ ಬಿಡುವುದಿಲ್ಲ. ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ತೆಗೆದು ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಹುಣಸೆ, ಸಾರಿನ ಪುಡಿಯೊಂದಿಗೆ ಅರೆದು ಕಟ್ಟಿಗೆ ಬೆರೆಸಿ ಕುದಿಸಿ ಒಗ್ಗರಣೆ ಹಾಕುತ್ತಾರೆ. ಆದ್ದರಿಂದ ಇದು ಬಣ್ಣದಲ್ಲೂ ಮೈಯಲ್ಲೂ ದಪ್ಪ, ಮರುದಿನಕ್ಕೆ ಇನ್ನಷ್ಟು ರುಚಿ. ಹಲಸಂದೆ, ಹೆಸರುಕಾಳು, ಹುರುಳಿಕಾಳು ಯಾವುದರಲ್ಲಾದರೂ ಆಗುತ್ತದೆ. ಮಸ್ಸೊಪ್ಪಿನಲ್ಲಿ ಬಸಿಯುವುದೇ ಇಲ್ಲ, ಬೇಳೆ, ಸೊಪ್ಪು, ಹಸಿಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ ಒಟ್ಟಿಗೆ ಬೆಂದ ಮೇಲೆ ಚೆನ್ನಾಗಿ ಮಸೆದು ಒಗ್ಗರಣೆ ಕೊಡುತ್ತಾರೆ. ಮೊದಲ ಸಲ ಮುದ್ದೆ ಉಣ್ಣುವವರಿಗೆ, ಚಿಕ್ಕ ಮಕ್ಕಳಿಗೆ ಮಸ್ಸೊಪ್ಪು ಅತ್ಯಂತ ಸುಲಭ. ಮೊಳಕೆ ಹುರುಳಿಯ ಸಾರು ಚಳಿಗಾಲಕ್ಕೆ ಹಿತ, ಉಷ್ಣವೆಂದು ಬೇಸಿಗೆಯಲ್ಲಿ ಕೆಲವರು ಬಿಡುತ್ತಾರೆ.

ಇವನ್ನು ಎಲ್ಲಿ ಹುಡುಕಬೇಕು? ಹೆದ್ದಾರಿಯ ಬದಿಯ ದೊಡ್ಡ ಹೋಟೆಲುಗಳಲ್ಲಿ ನಿಮಗೆ ಸಿಗುವುದು ಮುದ್ದೆಯ ಜೊತೆಗೆ ಯಾವುದೋ ಒಂದು ಸೊಪ್ಪಿನ ಸಾರು. ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲದಂಥ ಊರುಗಳಲ್ಲಿ ತಾಲ್ಲೂಕು ಕಚೇರಿ, ನ್ಯಾಯಾಲಯ, ಬಸ್ ನಿಲ್ದಾಣ, ಎಪಿಎಂಸಿ ಮಾರುಕಟ್ಟೆಯ ಸುತ್ತಮುತ್ತ ಇರುವ ಚಿಕ್ಕ ಮೆಸ್ಸುಗಳನ್ನು ನೋಡಿ. ಹಳ್ಳಿಯಿಂದ ಕೆಲಸಕ್ಕೆ ಬಂದ ರೈತರು ಮಧ್ಯಾಹ್ನ ಉಣ್ಣುವುದು ಅಲ್ಲಿ, ಮನೆಯ ಮುದ್ದೆ ಹೇಗಿರಬೇಕೆಂದು ಚೆನ್ನಾಗಿ ಬಲ್ಲ ಅವರಿಗೆ ಬಡಿಸಿ ಬದುಕಬೇಕಾದ ಮೆಸ್ಸಿನಲ್ಲಿ ಅಡುಗೆ ಕೆಡುವುದು ಅಪರೂಪ. ಬಾಗಿಲಲ್ಲಿ ನಿಂತು "ಇವತ್ತು ಯಾವ ಸಾರು ಅಣ್ಣ?" ಎಂದು ಕೇಳಿ. "ಉಪ್ಸಾರು ಐತೆ, ಬನ್ನಿ" ಎಂಬ ಒಂದೇ ಹೆಸರಿನ ಉತ್ತರ ಬಂದರೆ ನೆಮ್ಮದಿಯಿಂದ ಒಳಗೆ ಹೋಗಿ. ಹತ್ತು ಬಗೆಯ ಹೆಸರು ಒಂದೇ ಉಸಿರಿನಲ್ಲಿ ಬಂದರೆ ಅಲ್ಲಿ ಬೆಳಗಿನಿಂದ ಒಂದೇ ಮಸಾಲೆ ಕುದಿಯುತ್ತಿರುವ ಸಾಧ್ಯತೆ ಹೆಚ್ಚು. ಹನ್ನೆರಡೂವರೆಯಿಂದ ಎರಡು ಗಂಟೆಯೊಳಗೆ ಕುಳಿತುಬಿಡಬೇಕು, ಆಮೇಲೆ ಸಾರಿನ ತಳ ಉಳಿದಿರುತ್ತದೆ.

ಆಲೆಮನೆ

ಶನಿವಾರದ ಊಟ ಮುಗಿಸಿ ಮಂಡ್ಯ ಅಥವಾ ಪಾಂಡವಪುರದ ಸುತ್ತಲಿನ ಯಾವುದಾದರೂ ಆಲೆಮನೆಗೆ ಹೋಗಿ. ರಸ್ತೆಯಿಂದಲೇ ಹೊಗೆಯ ಕೊಳವೆ, ಒಣಹಾಕಿದ ಕಬ್ಬಿನ ಸಿಪ್ಪೆಯ ಹಾಸು ಕಾಣುತ್ತದೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣದ ತಿಳಿ ಹಾಕಿ ಮೇಲೆ ಬಂದ ಮಡ್ಡಿಯನ್ನು ತೆಗೆದು, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ಒಲೆಗೆ ಉರುವಲು ಆ ಒಣ ಸಿಪ್ಪೆಯೇ ಆದ್ದರಿಂದ ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಕೆಲಸ ನಿಂತಿರಬಹುದು. ಒಳಗೆ ಕಾಲಿಡುವ ಮುನ್ನ ಮಾಲೀಕರನ್ನು ಕೇಳಿ, ಮಕ್ಕಳ ಕೈ ಹಿಡಿದುಕೊಳ್ಳಿ, ಕೊಪ್ಪರಿಗೆಯ ಅಂಚಿಗೆ ಹೋಗಿ ಫೋಟೊ ತೆಗೆಯುವ ಸಾಹಸ ಬೇಡ, ಕುದಿಯುವ ಪಾಕದ ಸುಡುಗಾಯ ಬಹಳ ಆಳದ್ದು. ಬೆಲ್ಲ ಕೊಳ್ಳುವಾಗ ಹಳದಿ ಹೊಳಪಿಗೆ ಮಾರುಹೋಗಬೇಡಿ. ಆ ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಇದೆ, ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. "ಔಷಧಿ ಹಾಕದ ಬೆಲ್ಲ ಇದ್ಯಾ?" ಎಂದು ಕೇಳಿದರೆ ಇದ್ದವರು ತೋರಿಸುತ್ತಾರೆ. ಬಿಸಿಬಿಸಿ ಪಾಕವನ್ನು ಒಂದು ಚೂರು ಕೈಗೆ ಕೊಟ್ಟರೆ ಬೇಡವೆನ್ನಬೇಡಿ.

ರಾತ್ರಿಗೆ ಮೈಸೂರು ಸೇರಿ ಹಗುರವಾಗಿ ಉಣ್ಣಿ. ಹುಚ್ಚೆಳ್ಳಿನ ಚಟ್ನಿಪುಡಿಯೊಂದಿಗೆ ಒಂದು ಅಕ್ಕಿರೊಟ್ಟಿ, ಮಜ್ಜಿಗೆ ಸಾಕು. ಮೇಲುಕೋಟೆಯ ಪುಳಿಯೋಗರೆಗೆ ಮನಸ್ಸಾದರೆ ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ. ದೇವಸ್ಥಾನದ ಅಡುಗೆಯ ಆ ಪರಂಪರೆ ದೊಡ್ಡದು, ಹೊಲದ ಊಟದ ನಡುವೆ ಅದನ್ನು ತುರುಕುವುದು ಸರಿಯಲ್ಲ.

ಬಾಡೂಟ

ಭಾನುವಾರ ಬೆಳಗ್ಗೆ ತಿಂಡಿಯನ್ನು ಕಡಿಮೆ ಮಾಡಿ. ಮೈಸೂರಿನಲ್ಲಿ ಉಳಿದಿದ್ದರೆ ಬೆಳಗಿನ ಹೊತ್ತು ದೇವರಾಜ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿ ಬನ್ನಿ. ಸೊಪ್ಪಿನ ಕಟ್ಟುಗಳು, ವೀಳ್ಯದೆಲೆಯ ಕವಳಿಗೆಗಳು, ಸಿಕ್ಕರೆ ನಂಜನಗೂಡಿನ ರಸಬಾಳೆ ಇವನ್ನೆಲ್ಲ ನೋಡಿದರೆ ಹಿಂದಿನ ದಿನ ಉಂಡದ್ದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಮೈಸೂರು ವೀಳ್ಯದೆಲೆಗೂ ನಂಜನಗೂಡು ರಸಬಾಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಸೊರಗು ರೋಗದಿಂದಾಗಿ ರಸಬಾಳೆಯ ತೋಟಗಳು ಬಹಳ ಕಡಿಮೆಯಾಗಿವೆ.

ಊಟಕ್ಕೆ ಎರಡು ದಾರಿಗಳಿವೆ. ನಗರದಲ್ಲಿಯೇ ಉಣ್ಣುವವರಿಗೆ ಮೈಸೂರಿನ ಹಳೆಯ ಮೊಹಲ್ಲಾಗಳ ಮಿಲಿಟ್ರಿ ಹೋಟೆಲುಗಳಿವೆ. ಬೆಂಗಳೂರಿಗೆ ಹಿಂದಿರುಗುವವರು ಬನ್ನೂರು, ಮಳವಳ್ಳಿ, ಹಲಗೂರು, ಕನಕಪುರದ ರಸ್ತೆ ಹಿಡಿದು ದಾರಿಯಲ್ಲಿ ಉಣ್ಣಬಹುದು, ಗದ್ದೆ, ಕಬ್ಬು, ರಾಗಿಹೊಲಗಳ ನಡುವಿನ ಆ ದಾರಿಯನ್ನೇ ನಾನು ಹೇಳುತ್ತೇನೆ. ಈ ಭಾಗದ ಕುರಿಗೆ ಬನ್ನೂರು ಕುರಿ, ಬಂಡೂರು ಕುರಿ ಎಂಬ ಎರಡೂ ಹೆಸರುಗಳಿವೆ, ಬಂಡೂರು ಮಳವಳ್ಳಿ ತಾಲ್ಲೂಕಿನ ಹಳ್ಳಿ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಕಮಾನಿನಂಥ ತೊಡೆಗಳು ಇದರ ಲಕ್ಷಣ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಿರುವುದರಿಂದ ಬೇಗ ಬೇಯುತ್ತದೆ, ಮೆತ್ತಗಿರುತ್ತದೆ. ಅಪ್ಪಟ ತಳಿಯ ಕುರಿಗಳು ಕಡಿಮೆ, ಬೆಲೆಯೂ ಹೆಚ್ಚು, ಹಾಗಾಗಿ ಫಲಕದ ಮೇಲೆ ಬನ್ನೂರು ಎಂದು ಬರೆದಲ್ಲೆಲ್ಲ ಅದೇ ಸಿಗುತ್ತದೆಂದು ನಂಬಬೇಕಾಗಿಲ್ಲ. ಸಾರು ಚೆನ್ನಾಗಿದ್ದರೆ ಅಷ್ಟು ಸಾಕು.

ಮುದ್ದೆಗೆ ಮಟನ್ ಸಾರು ತೆಳ್ಳಗಿರಬೇಕು, ತುತ್ತನ್ನು ಅದ್ದಿದಾಗ ಅದರ ಮೈಯೆಲ್ಲ ನೆನೆಯುವಷ್ಟು. ಗಟ್ಟಿ ಗ್ರೇವಿ ಪರೋಟಕ್ಕೆ ಸರಿ, ಮುದ್ದೆಗೆ ಸಲ್ಲದು. ಜೊತೆಗೆ ಒಂದನ್ನು ಮಾತ್ರ ಆರಿಸಿಕೊಳ್ಳುವುದಾದರೆ ಕೈಮ ಉಂಡೆಯ ಸಾರನ್ನೋ ಬೋಟಿ ಗೊಜ್ಜನ್ನೋ ಕೇಳಿ. ಅರೆದ ಮಾಂಸಕ್ಕೆ ಮಸಾಲೆ, ಹುರಿಗಡಲೆ ಸೇರಿಸಿ ಉಂಡೆ ಕಟ್ಟಿ ಸಾರಿನಲ್ಲಿ ಒಡೆಯದಂತೆ ಬೇಯಿಸುವುದಕ್ಕೆ ಪಳಗಿದ ಕೈ ಬೇಕು, ಬೋಟಿಯನ್ನು ಚೆನ್ನಾಗಿ ತೊಳೆಯುವುದಕ್ಕೆ ತಾಳ್ಮೆ ಬೇಕು, ಇವೆರಡು ಸರಿಯಿದ್ದ ಕಡೆ ಉಳಿದದ್ದೂ ಸರಿಯಿರುತ್ತದೆ.

ನಾಟಿಕೋಳಿ ಸಾರು ಬೇಕಾದರೆ ಬೆಳಗ್ಗೆಯೇ ಫೋನು ಮಾಡಿ ಹೇಳಿಡಬೇಕು, ಏಕೆಂದರೆ ಅಂಗಳದಲ್ಲಿ ಓಡಾಡಿ ಬೆಳೆದ ಕೋಳಿ ಬೇಯಲು ಫಾರಂ ಕೋಳಿಗಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನೀವು ಕುಳಿತ ಹತ್ತು ನಿಮಿಷಕ್ಕೆ ಬಂದದ್ದು ಮೊದಲೇ ಬೆಂದದ್ದಾಗಿರಬೇಕು ಅಥವಾ ನಾಟಿ ಅಲ್ಲದ್ದಾಗಿರಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿ ನೋಡಲು ನಾಟಿಯಂತೆಯೇ ಬಣ್ಣಬಣ್ಣದ್ದು, ಅದನ್ನು ನಾಟಿ ಎಂದೇ ಬಡಿಸುವುದುಂಟು. ಅದು ತಿನ್ನಲು ಒಳ್ಳೆಯದೇ, ಬೆಲೆ ಮಾತ್ರ ಅದರದ್ದೇ ಆಗಿರಲಿ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ನಾಟಿಕೋಳಿ ಸಾರಿಗೆ ಮುದ್ದೆಯಷ್ಟೇ ಚೆನ್ನಾಗಿ ಹೊಂದುವುದು ಒತ್ತು ಶಾವಿಗೆ, ಎರಡೂ ಇದ್ದರೆ ಅರ್ಧ ಮುದ್ದೆ ಉಂಡು ಶಾವಿಗೆಗೆ ಹೋಗಿ. ಕಾವೇರಿಯ ದಡದ ಊರುಗಳಲ್ಲಿ ಮೀನು ಸಾರು ಕೇಳಬಹುದು, ಹುಣಸೆಹುಳಿ ಹಿಡಿದ ಹಿಂದಿನ ದಿನದ ಸಾರು ಉಳಿದಿದ್ದರೆ ಅದನ್ನೇ ಕೇಳಿ. ಊಟದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು ಹೊರಡಿ, ಮುದ್ದೆ ಬಾಡೂಟದ ಬೆನ್ನಿಗೇ ಸ್ಟಿಯರಿಂಗ್ ಹಿಡಿದರೆ ತೂಕಡಿಕೆ ಬರುವುದು ಖಂಡಿತ.

ಹಳ್ಳಿಯ ಮನೆಯಲ್ಲಿ

ಸ್ನೇಹಿತರ ಮೂಲಕವೋ ತೋಟದ ಮನೆಯ ವಾಸ್ತವ್ಯದ ಮೂಲಕವೋ ರೈತರ ಮನೆಯಲ್ಲಿ ಉಣ್ಣುವ ಅವಕಾಶ ದೊರೆತರೆ ಉಳಿದ ಯಾವ ಯೋಜನೆ ಇದ್ದರೂ ಬಿಟ್ಟು ಅಲ್ಲಿಗೆ ಹೋಗಿ. ಹಿಂದಿನ ದಿನವೇ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ತಿಳಿಸಿ, ತಡವಾದರೆ ಮತ್ತೆ ತಿಳಿಸಿ, ಮುದ್ದೆಗೆ ಎಸರಿಡುವುದು ನಿಮ್ಮ ಬರವನ್ನು ನೋಡಿಕೊಂಡು. ನಮಗಾಗಿ ವಿಶೇಷವಾಗಿ ಏನೂ ಮಾಡಬೇಡಿ, ಮನೆಯಲ್ಲಿ ಅಂದು ಮಾಡುವುದನ್ನೇ ಕೊಡಿ ಎಂದು ಹೇಳಿದರೂ ಬಹಳಷ್ಟು ಮನೆಯವರು ಕೋಳಿ ಕೊಯ್ಯಲು ಹೊರಡುತ್ತಾರೆ, ಸೊಪ್ಪಿನ ಸಾರೇ ಬೇಕೆಂಬುದನ್ನು ಎರಡು ಸಲ ಸ್ಪಷ್ಟವಾಗಿ ಹೇಳಿ. ಹಿರಿಯ ಹೆಂಗಸರನ್ನು ಅವ್ವ ಅಥವಾ ಅಮ್ಮ ಎಂದೂ ನಡುವಯಸ್ಸಿನವರನ್ನು ಅಕ್ಕ, ಅಣ್ಣ ಎಂದೂ ಕರೆಯಿರಿ. ಎರಡನೆಯ ಮುದ್ದೆಗೆ ಒತ್ತಾಯ ಬಂದೇ ಬರುತ್ತದೆ. ಬೇಡವಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಅವ್ವ, ಸಾರು ಇನ್ನೊಂದು ಸೌಟು ಹಾಕಿ" ಎನ್ನಿ. ಸಾರು ಮತ್ತೆ ಕೇಳಿದ್ದಕ್ಕೆ ಅವರಿಗೆ ಸಂತೋಷವಾಗುತ್ತದೆ, ಮುದ್ದೆ ತಟ್ಟೆಯಲ್ಲಿ ಉಳಿದರೆ ಬೇಸರವಾಗುತ್ತದೆ. ಸ್ನೇಹಿತರ ಮನೆಯಾದರೆ ಹಣ ಕೊಡಲು ಹೋಗಬೇಡಿ, ಹಣ್ಣೋ ಮಕ್ಕಳಿಗೆ ತಿಂಡಿಯೋ ಒಯ್ಯಿರಿ. ವಾಸ್ತವ್ಯದ ಮನೆಯಾದರೆ ಹೇಳಿದ ದರವನ್ನು ಚೌಕಾಸಿ ಇಲ್ಲದೆ ಕೊಡಿ.

ಹಿಂದಿರುಗುವಾಗ ಕೊಂಡೊಯ್ಯಲು ರಾಗಿಹಿಟ್ಟಿಗಿಂತ ರಾಗಿಕಾಳು ಮೇಲು. ಕಾಳು ಹುಳು ಹಿಡಿಯದೆ ಬಹುಕಾಲ ಉಳಿಯುತ್ತದೆ, ಹಿಂದಿನವರು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬೇಕಾದಷ್ಟನ್ನು ಆಗಾಗ ಬೀಸಿಸಿಕೊಂಡರೆ ಮುದ್ದೆಗೆ ಘಮವಿರುತ್ತದೆ. ಅಚ್ಚುಬೆಲ್ಲವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದಲ್ಲಿ ಸುತ್ತಿ ಒಣ ಡಬ್ಬದಲ್ಲಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಬಿಡುತ್ತದೆ. ಉಪ್ಸಾರಿನ ಖಾರವನ್ನು ಮನೆಯವರು ಕೊಟ್ಟರೆ ನೀರು ತಾಗದ ಚಮಚ ಬಳಸಿ ಫ್ರಿಜ್ಜಿನಲ್ಲಿಟ್ಟುಕೊಂಡು ಕೆಲವು ದಿನಗಳಲ್ಲಿ ಮುಗಿಸಿ. ಅವರೆಕಾಯಿ ಕೊಂಡಿದ್ದರೆ ಚೀಲದ ಬಾಯಿಯನ್ನು ಬಿಚ್ಚಿಯೇ ಕಾರಿನಲ್ಲಿಡಿ, ಮನೆ ತಲುಪಿದ ಕೂಡಲೇ ನೆಲದ ಮೇಲೆ ಹರಡಿ, ಬಿಗಿದ ಚೀಲದಲ್ಲಿ ರಾತ್ರಿ ಕಳೆದರೆ ಕಾಯಿ ಬೆವೆತು ಸೊನೆಯ ಘಮ ಹೋಗುತ್ತದೆ.